ಕಲ್ಲಿಡದ ಗೋರಿ

ಕಸಾಯಿ ಫಯ್ಯಾದನಿಗೆ ಕತ್ತೆಕಿರುಬ ಮೋಡಿ ಹಾಕಿದೆ ಅಂತ ಐನ್ ಸುಮ್ಮಾಕಿನಲ್ಲಿ ಊರಿಗೆ ಊರೇ ಹೇಳುತ್ತಿತ್ತು. ತಮಾಷೆಗೆ ಹೇಳುತ್ತಿದ್ದರು ಅಂತೀರಾ? ಅರ್ಧ ತಮಾಷೆ, ಅರ್ಧ ನಿಜ. ದಕ್ಷಿಣ ಲೆಬನಾನಿನ ಈ ಗುಡ್ಡಗಳಲ್ಲಿ ಹುಟ್ಟಿದವರಿಗೆಲ್ಲ ಅಜ್ಜಿಯರು ಈ ಕಥೆ ಹೇಳಿಯೇ ಊಟ ಮಾಡಿಸಿದ್ದಾರೆ. ಒಂಟಿ ಮನುಷ್ಯ ಸಿಕ್ಕರೆ ಕಿರುಬ ಬಾಲದಿಂದ ಅವನ ಮೇಲೆ ಉಚ್ಚೆ ಚಿಮುಕಿಸುತ್ತದಂತೆ. ಅವನಿಗೆ ಬುದ್ಧಿ ಮಂಕಾಗಿ, "ಅಪ್ಪಾ, ನಿಲ್ಲಪ್ಪಾ" ಅಂತ ಕರೆಯುತ್ತಾ ಅದರ ಹಿಂದೆಯೇ ಗವಿಯವರೆಗೂ ಹೋಗುತ್ತಾನಂತೆ. ಪುಣ್ಯವಿದ್ದರೆ ಗವಿಯ ಬಾಯಿಯ ಬಂಡೆ ಹಣೆಗೆ ಬಡಿದು ರಕ್ತ ಬರುತ್ತದೆ. ರಕ್ತ ಬಂತೋ, ಮೋಡಿ ಬಿಟ್ಟಿತು. ಬರಲಿಲ್ಲವೋ, ಅವನ ಕಥೆ ಅಲ್ಲಿಗೆ ಮುಗಿಯಿತು.

"ಯಾರಾದ್ರೂ ಈ ಫಯ್ಯಾದನ ತಲೆಗೆ ಒಂದು ಕಲ್ಲು ಬೀಸ್ರಯ್ಯಾ, ಸರಿಹೋಗ್ತಾನೆ!" ಅಂತ ಗೋರಿ ತೋಡುವ ಮುದುಕ ಅಬು ಹುಸ್ನಿ ಕಾಫಿ ಅಂಗಡಿಯ ಮುಂದೆ ಕೂತು ಕೂಗುತ್ತಿದ್ದ.

"ನಿಮ್ಮ ತಲೆಗೆ ಬೀಸಿದ್ರೆ ಕಲ್ಲೇ ಒಡೆದುಹೋಗುತ್ತೆ, ಚಿಕ್ಕಪ್ಪ," ಅಂತ ಫಯ್ಯಾದ್ ಎದುರಿನ ಅಂಗಡಿಯಿಂದಲೇ ಉತ್ತರ ಕೊಡುತ್ತಿದ್ದ, ಕೈಯಲ್ಲಿ ಕುರಿಯ ತೊಡೆ ಹಿಡಿದುಕೊಂಡು.

ಈ ಸೀಮೆಯಲ್ಲಿ ಗಂಡಸನ್ನು 'ಅಬು' ಅಂದರೆ ಇಂಥವನ ಅಪ್ಪ, ಹೆಂಗಸನ್ನು 'ಉಮ್ಮ್' ಅಂದರೆ ಇಂಥವನ ಅಮ್ಮ ಅಂತ ಮೊದಲ ಮಗನ ಹೆಸರು ಹಿಡಿದು ಕರೆಯುವುದು ಮರ್ಯಾದೆ. ಫಯ್ಯಾದನಿಗೆ ಮಕ್ಕಳಿರಲಿಲ್ಲ. ಹೆಂಡತಿ ಹೋಗಿಯೂ ಬಹಳ ವರ್ಷವಾಗಿತ್ತು. ಹಾಗಾಗಿ ಊರು ಅವನಿಗೆ ಇಟ್ಟ ಹೆಸರು 'ಕಿರುಬದಪ್ಪ'. ಕೇಳಿದಾಗ ಅವನು ಹಲ್ಲು ಬಿಡುತ್ತಿದ್ದ. ಒಳಗೆ ಚುಚ್ಚುತ್ತಿತ್ತು.

ಶುರುವಾದದ್ದು ಹೀಗೆ. ಹಳೇ ಕಲ್ಲುಗಣಿಯ ಹತ್ತಿರ ಯಾರೋ ಒಡ್ಡಿದ ಕಬ್ಬಿಣದ ಬೋನಿಗೆ ಒಂದು ಹೆಣ್ಣು ಮರಿ ಮುಂಗಾಲು ಕೊಟ್ಟು ಸಿಕ್ಕಿಬಿದ್ದಿತ್ತು. ಉಳಿದವರು ಕಲ್ಲು ಹೊಡೆಯುತ್ತಿದ್ದಾಗ ಫಯ್ಯಾದ್ ಬೋನು ಬಿಡಿಸಿದ. ಯಾಕೆ ಬಿಡಿಸಿದೆ ಅಂದರೆ ಅವನಿಗೇ ಗೊತ್ತಿಲ್ಲ. ದಿನಾ ಕೊಲ್ಲುವವನಿಗೆ ಒಂದು ದಿನ ಕೊಲ್ಲದೆ ಇರಬೇಕು ಅನ್ನಿಸಿತೋ ಏನೋ. ಕುಂಟುತ್ತಾ ಓಡಿದ ಅದಕ್ಕೆ 'ಕುಂಟಿ' ಅಂತ ಹೆಸರಿಟ್ಟ. ಅಂದಿನಿಂದ ಅಂಗಡಿಯ ಕರುಳು, ಮೂಳೆ, ತಲೆಬುರುಡೆ ಎಲ್ಲ ವಾರಕ್ಕೆರಡು ಸಲ ಗಣಿಗೆ ಹೋಗತೊಡಗಿತು.

ಬರೆಯುವುದಕ್ಕೂ ಶುರುಮಾಡಿದ. ಶಾಲೆಯ ನೋಟುಬುಕ್ಕುಗಳಲ್ಲಿ, ರಕ್ತ ಹತ್ತಿದ ಬೆರಳಲ್ಲಿ. ಯಾವ ಕಿರುಬದ ಕಾಲಿಗೆ ಎಷ್ಟು ಪಟ್ಟೆ, ಯಾವುದು ಯಾವ ದಾರಿಯಲ್ಲಿ ಬಂತು, ಸುಣ್ಣದ ಹಾಗೆ ಬೆಳ್ಳಗಿರುವ ಹಿಕ್ಕೆಯಲ್ಲಿ ಏನೇನು ಸಿಕ್ಕಿತು. ಬೈರೂತಿನ ವಿಶ್ವವಿದ್ಯಾಲಯದಿಂದ ಡಾಕ್ಟರ್ ರೀಮಾ ಅನ್ನೋ ಹೆಣ್ಣುಮಗಳು ಬಂದು ಆ ಪುಸ್ತಕ ನೋಡಿ ದಂಗಾದಳು. ಮರಕ್ಕೆ ಕಟ್ಟುವ ಕ್ಯಾಮೆರಾ ಕೊಟ್ಟಳು, ಶಾಲೆಯಲ್ಲಿ ಮಾತಾಡಲು ಕರೆದಳು. ಅಲ್ಲಿ ಅವನು ಹೇಳಿದ್ದು ಒಂದೇ ಮಾತು: "ಕಿರುಬ ಮನುಷ್ಯರನ್ನ ತಿನ್ನಲ್ಲ. ಬದುಕಿದ್ದವರನ್ನೂ ಇಲ್ಲ, ಸತ್ತವರನ್ನೂ ಇಲ್ಲ." ಹನ್ನೆರಡು ವರ್ಷ ಹೇಳಿದ. ಹೇಳಿ ಹೇಳಿ ಊರನ್ನು ಒಪ್ಪಿಸಿದ. ಜನ ವಿಷ ಇಡುವುದು ಬಿಟ್ಟರು, ಬಂದೂಕ ಹಿಡಿದು ಗಣಿಗೆ ಹೋಗುವುದು ಬಿಟ್ಟರು. ಕೊನೆಗೆ ಕಿರುಬ ಕೆರೆಯದಿರಲಿ ಅಂತ ಹೊಸ ಗೋರಿಯ ಮೇಲೆ ಭಾರದ ಕಲ್ಲು ಹೇರುವ ಅಜ್ಜಂದಿರ ಪದ್ಧತಿಯನ್ನೂ ಬಿಟ್ಟರು. ಫಯ್ಯಾದನಿಗೆ ಅದೇ ದೊಡ್ಡ ಗೆಲುವು.

ಆದರೆ ಒಂದು ಹಾಳೆಯ ವಿಷಯ ಯಾರಿಗೂ ಗೊತ್ತಿಲ್ಲ. ಮೂರನೇ ನೋಟುಬುಕ್ಕಿನದು. ಒಂದು ಮುಂಜಾನೆ ಸ್ಮಶಾನದ ಅಂಚಿನ ಗೋರಿಯೊಂದನ್ನು ಕೆರೆದದ್ದು ಕಂಡಿದ್ದ. ಪಕ್ಕದಲ್ಲೇ ಕುಂಟು ಹೆಜ್ಜೆ. ಅವನೇ ಮಣ್ಣು ಮುಚ್ಚಿ, ಕಾಲಲ್ಲಿ ತುಳಿದು ಸಮ ಮಾಡಿ ಬಂದ. ಬರೆದ, ಆಮೇಲೆ ಹಾಳೆ ಹರಿದು ಒಲೆಗೆ ಹಾಕಿದ. ಮಾರನೇ ವಾರ ಶಾಲೆಗೆ ಹೋಗಿ ಅದೇ ಮಾತು ಇನ್ನೂ ಗಟ್ಟಿಯಾಗಿ ಹೇಳಿದ.

ಯುದ್ಧ ಬಂದದ್ದು ಆಲಿವ್ ಕೊಯ್ಲಿನ ಹೊತ್ತಿಗೆ. ಎರಡೇ ದಿನದಲ್ಲಿ ಊರು ಖಾಲಿ. ಉಮ್ಮ್ ಮುನೀಫ್ ಅನ್ನೋ ವಿಧವೆ ಸೈದಾ ಪಟ್ಟಣದ ಶಾಲೆಯೊಂದರ ಕೊಠಡಿಯಲ್ಲಿ ನಾಲ್ಕು ಸಂಸಾರಗಳ ಜೊತೆ ಹೋಗಿ ಬಿದ್ದಳು. ಅವಳ ಒಬ್ಬನೇ ಮಗ ಮುನೀಫ್ ಮಾತ್ರ ಗಬ್ಬದ ಹಸು ಬಿಟ್ಟು ಬರಲ್ಲ ಅಂತ ಉಳಿದುಕೊಂಡ. ಅಬು ಹುಸ್ನಿ ತನ್ನ ಹಟಕ್ಕೆ ಉಳಿದ. ಫಯ್ಯಾದ್ ಮೇಕೆಗಳಿವೆ ಅಂತ ನೆವ ಹೇಳಿ ಉಳಿದ. ಗಣಿಯಲ್ಲಿ ಕುಂಟಿ ಎರಡು ಮರಿ ಹಾಕಿತ್ತು. ಆದರೆ ಕೊಳ್ಳುವವರಿಲ್ಲದ ಊರಲ್ಲಿ ಅಂಗಡಿ ಎಲ್ಲಿಯದು? ಕುಯ್ಯುವುದು ನಿಂತಿತು, ಕರುಳು ಮೂಳೆ ಗಣಿಗೆ ಹೋಗುವುದೂ ನಿಂತಿತು. ಹನ್ನೆರಡು ವರ್ಷ ಊರಿನ ಊಟಕ್ಕೆ ಒಗ್ಗಿಸಿದ್ದ ಪ್ರಾಣಿಗೆ ಒಮ್ಮೆಗೇ ಏನೂ ಇಲ್ಲ.

ಒಂದು ಬೆಳಿಗ್ಗೆ ಮುನೀಫ್ ಹಸುವಿಗೆ ಹುಲ್ಲು ಹೊತ್ತು ಅಂಗಳ ದಾಟುತ್ತಿದ್ದ. ದಿನವಿಡೀ ತಲೆಯ ಮೇಲೆ ಗುಂಯ್ ಅನ್ನುತ್ತಿದ್ದ ಡ್ರೋನಿಗೆ ಆ ಹುಲ್ಲಿನ ಹೊರೆ ಏನಾಗಿ ಕಂಡಿತೋ. ಇಪ್ಪತ್ತಾರರ ಹುಡುಗ, ಅಲ್ಲೇ ಹೋದ. ಹಸು ಬದುಕಿತು.

ಸ್ಮಶಾನ ಗುಡ್ಡದ ನೆತ್ತಿಯ ಮೇಲಿತ್ತು, ಅಲ್ಲಿಗೆ ಹೋಗುವುದು ಸಾವೇ. ಇಂಥ ಹೊತ್ತಿಗೆ ನಮ್ಮಲ್ಲೊಂದು ಕ್ರಮವಿದೆ. ಹೆಣವನ್ನು ಸಿಕ್ಕ ಜಾಗದಲ್ಲಿ ನೆಲಕ್ಕೆ ಒಪ್ಪಿಸಿ ಇಡುವುದು. ಇದು ನಿನ್ನ ಹತ್ತಿರ ಇಟ್ಟದ್ದು, ನಾವು ಬಂದಾಗ ಹಿಂದಕ್ಕೆ ಕೊಡು ಅಂತ ನೆಲಕ್ಕೆ ಬಾಯಿಬಿಟ್ಟು ಹೇಳುವುದು. ಹಾಗೆ ಇಟ್ಟದ್ದನ್ನು ನೆಲ ಕೆಡಿಸುವುದಿಲ್ಲ, ಇದ್ದ ಹಾಗೇ ಕೊಡುತ್ತದೆ ಅಂತ ಹೆಂಗಸರು ಆಣೆಯಿಟ್ಟು ಹೇಳುತ್ತಾರೆ. ಉಮ್ಮ್ ಮುನೀಫಳ ಆಲಿವ್ ತೋಟದಲ್ಲೇ ಅಬು ಹುಸ್ನಿ ಮತ್ತು ಫಯ್ಯಾದ್ ತೋಡಿದರು. ಕಲ್ಲಿನಂಥ ಗಟ್ಟಿ ನೆಲ, ಮೊಣಕಾಲಾಳಕ್ಕಿಂತ ಕೆಳಗಿಳಿಯಲಿಲ್ಲ. ಕಂಬಳಿಯಲ್ಲಿ ಸುತ್ತಿ ಇಳಿಸಿದರು. ಮುದುಕ ನೆಲಕ್ಕೆ ಹೇಳಬೇಕಾದ್ದು ಹೇಳಿದ, ಮಣ್ಣೆಳೆದ.

"ಕಲ್ಲು ಹೊರು ಬಾ. ನಾಲ್ಕು ದೊಡ್ಡವು ಸಾಕು," ಅಂದ.

"ಬೇಡ ಚಿಕ್ಕಪ್ಪ, ಮೇಲೆ ಅದು ಸುತ್ತುತ್ತಾ ಇದೆ."

"ತೋಟದ ಕಲ್ಲುಗೋಡೆ ಇಲ್ಲೇ ಇದೆಯಲ್ಲೋ, ಹತ್ತು ಹೆಜ್ಜೆ. ಕಿರುಬ ಬಂದ್ರೆ?"

"ಕಿರುಬ ಮನುಷ್ಯರನ್ನ ಮುಟ್ಟಲ್ಲ! ಎಷ್ಟು ವರ್ಷ ಹೇಳ್ಬೇಕು ನಿಮಗೆ?"

ಹೆದರಿಕೆ ಇದ್ದದ್ದು ನಿಜ. ಆದರೆ ಕಲ್ಲಿಡದೆ ಇದ್ದದ್ದು ಹೆದರಿಕೆಗಲ್ಲ. ತನ್ನ ಮಾತಿನ ಮೇಲೆ ತಾನೇ ಕಲ್ಲು ಹಾಕಿದ ಹಾಗಾಗುತ್ತದಲ್ಲ ಅನ್ನೋ ಜಂಬಕ್ಕೆ. ಜಂಬ ಅಂದರೆ ಜಂಬವೇ, ಬೇರೆ ಹೆಸರಿಟ್ಟು ಏನು ಮಾಡೋಣ? ಮುದುಕನಿಗೂ ಸೊಂಟ ನೋಯುತ್ತಿತ್ತು, ಒಪ್ಪಿಕೊಂಡ. ಸೈದಾದಿಂದ ತಾಯಿ ಫೋನಿನಲ್ಲಿ ಅಳದೆ ಕೇಳಿದ್ದು ಒಂದೇ: "ಭದ್ರವಾಗಿ ಇಟ್ಟಿದೀರಾ, ಫಯ್ಯಾದ್?"

"ಭದ್ರವಾಗಿದಾನೆ ಉಮ್ಮ್ ಮುನೀಫ್. ನನ್ನ ಮಾತು."

ವಾರದಲ್ಲಿ ಆಂಬುಲೆನ್ಸಿನವರು ಬಂದು ಉಳಿದವರನ್ನೂ ಎಳೆದುಕೊಂಡು ಹೋದರು.

ಎರಡು ತಿಂಗಳಿಗೆ ಕದನ ನಿಂತಿತು, ಎಲ್ಲರೂ ಒಟ್ಟಿಗೇ ಮರಳಿದರು. ಜನ ತಮ್ಮ ತಮ್ಮ ಮನೆಯ ಕಲ್ಲುರಾಶಿಯ ಮುಂದೆ ನಿಂತಿದ್ದರೆ, ಉಮ್ಮ್ ಮುನೀಫ್ ಹೆಣಕ್ಕೆ ಹೊದಿಸುವ ಹೊಸ ಕಫನು ಮಡಿಸಿ ಬಗಲಲ್ಲಿಟ್ಟುಕೊಂಡು ಸೀದಾ ತೋಟಕ್ಕೆ ನಡೆದಳು. ಹಿಂದೆ ಅಬು ಹುಸ್ನಿ, ಫಯ್ಯಾದ್, ಏಳೆಂಟು ಗಂಡಸರು. ಗೋರಿ ಬಾಯಿ ತೆರೆದಿತ್ತು. ಒಳಗೆ ಏನೂ ಇಲ್ಲ. ಕಂಬಳಿಯ ಹರಕನ್ನು ಏನೋ ಗೋಡೆಯವರೆಗೂ ಎಳೆದುಕೊಂಡು ಹೋಗಿತ್ತು.

ಮುದುಕ ಬಾಯಿ ತೆರೆಯುವ ಮೊದಲೇ ಫಯ್ಯಾದ್ ಹೇಳಿದ: "ಶೆಲ್ಲು. ಶೆಲ್ಲು ಬಿದ್ದು ಹೀಗಾಗಿದೆ. ಅಲ್ಲಿ ನೋಡಿ."

ಇಪ್ಪತ್ತು ಹೆಜ್ಜೆ ಆಚೆ ನಿಜಕ್ಕೂ ಒಂದು ಶೆಲ್ಲಿನ ಗುಂಡಿ ಇತ್ತು. ಅಬು ಹುಸ್ನಿ ಗೋರಿಯ ಅಂಚಿನ ಕೆರೆದ ಮಣ್ಣು ನೋಡಿದ, ಫಯ್ಯಾದನ ಮುಖ ನೋಡಿದ. ಐವತ್ತು ವರ್ಷ ಗೋರಿ ತೋಡಿದವನು, ಅವನಿಗೆ ಗೊತ್ತಾಗದೆ ಇರುತ್ತದೆಯೇ? ಆದರೆ ಕಲ್ಲಿಡದೆ ಬಂದವರಲ್ಲಿ ಅವನೂ ಒಬ್ಬ. ನೆಲ ನೋಡಿಕೊಂಡು ಸುಮ್ಮನಾದ. ಅವನು ಕಿರುಬ ಅಂದಿದ್ದರೆ ಸಂಜೆಯೊಳಗೆ ಗಣಿಯ ಗವಿಗೆ ಟೈರು ಸುಟ್ಟು ಹೊಗೆ ಹಾಕಿಬಿಡುತ್ತಿದ್ದರು.

ತಾಯಿ ಅಳಲಿಲ್ಲ. "ಶೆಲ್ಲು ಬಿದ್ರೂ ಚೂರಾದ್ರೂ ಇರುತ್ತಲ್ಲ," ಅಂದಳು. "ಇಟ್ಟವನು ನೀನು. ಹುಡುಕ್ಕೊಡು. ಒಂದು ಬೆರಳಾದ್ರೂ ಕೊಡು, ಫಯ್ಯಾದ್. ಬರೀ ಬಟ್ಟೆ ಹೂಳಲಾ ನಾನು?"

ಮಾರನೇ ದಿನ ಮಧ್ಯಾಹ್ನ ಫಯ್ಯಾದ್ ಅಂಗಡಿಯ ಒಗೆದ ಬಿಳಿ ಏಪ್ರನ್ ಮಡಿಸಿಕೊಂಡು ಒಬ್ಬನೇ ಗಣಿಗೆ ಹೋದ. ಹನ್ನೆರಡು ವರ್ಷದಲ್ಲಿ ಗವಿಯ ಒಳಗೆ ಒಮ್ಮೆಯೂ ನುಗ್ಗಿರಲಿಲ್ಲ. ಹೊಟ್ಟೆಯ ಮೇಲೆ ತೆವಳುತ್ತಾ ಹೋದ. ಟಾರ್ಚಿನ ಬೆಳಕಿಗೆ ಮೂಳೆಯೋ ಮೂಳೆ. ಕುರಿಯದು, ಮೇಕೆಯದು, ಒಂದೊಂದರ ಮೇಲೂ ಅವನದೇ ಕತ್ತಿಯ ಗುರುತು. ಯಾವ ಹಬ್ಬಕ್ಕೆ ಕುಯ್ದ ಕುರಿ ಅಂತ ಕೂಡ ಹೇಳಬಲ್ಲ. ಮೇಲಿನ ಪದರದಲ್ಲಿ ಕತ್ತಿ ತಾಗದ ಕೆಲವು ಮೂಳೆಗಳಿದ್ದವು. ಒಂದು ತೊಡೆಯದು, ಎರಡು ಪಕ್ಕೆಲುಬು, ದವಡೆಯ ಒಂದು ಬದಿ. ಕಸಾಯಿಯ ಕೈಗೆ ಅದು ಯಾರದು ಅಂತ ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

ಗವಿಯ ತುದಿಯಲ್ಲಿ ಕುಂಟಿ ಇತ್ತು. ಬೆನ್ನ ಕೂದಲು ನಿಗುರಿಸಿ, ಹಿಂದೆ ಎರಡು ಮರಿ ಒತ್ತಿಕೊಂಡು, ಸದ್ದಿಲ್ಲದೆ ನೋಡುತ್ತಿತ್ತು.

"ಏನೇ ಮಾಡಿಬಿಟ್ಟೆ?" ಅಂದ ಫಯ್ಯಾದ್. ಆಮೇಲೆ, "ನೀನೇನು ಮಾಡ್ತೀಯ. ನಾನೇ, ನಾನೇ ಮಾಡಿದ್ದು," ಅಂದ.

ಮೂಳೆಗಳನ್ನು ಏಪ್ರನ್ನಿಗೆ ಸುತ್ತಿ ಹಿಂದಕ್ಕೆ ತೆವಳಿದ. ಬೆಳಕು ಕಂಡೊಡನೆ ತಲೆಯೆತ್ತಿದ, ಅವಸರ ಪಟ್ಟ, ಬಾಯಿಯ ಬಂಡೆ ಹಣೆಗೆ ಬಡಿಯಿತು. ರಕ್ತ ಕಣ್ಣಿಗಿಳಿಯಿತು. ಅಲ್ಲೇ ಕೂತು ನಕ್ಕ, ಹುಚ್ಚನ ಹಾಗೆ. ಆಮೇಲೆ ಆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿಬಿಟ್ಟು ಅತ್ತ.

ಉಮ್ಮ್ ಮುನೀಫಳ ಮನೆಯಲ್ಲಿ ಅಡುಗೆಕೋಣೆ ಮಾತ್ರ ಉಳಿದಿತ್ತು. ಬಂದಿದ್ದ ಹೆಂಗಸರನ್ನು ಹೊರಗೆ ಕಳಿಸಿ ಗಂಟು ಬಿಚ್ಚಿದಳು.

"ಗುಡ್ಡದ ಕೆಳಗೆ ಚೆದುರಿ ಬಿದ್ದಿದ್ವು," ಅಂದ ಫಯ್ಯಾದ್.

ಅವಳು ಒಂದೊಂದನ್ನೇ ಬೋಗುಣಿಯ ನೀರಲ್ಲಿ ತೊಳೆದಳು, ಕೂಸಿನ ಕೈಕಾಲು ತೊಳೆದ ಹಾಗೆ. ತೊಡೆಮೂಳೆಯ ತುದಿಗೆ ಬಂದಾಗ ಹೆಬ್ಬೆರಳು ನಿಂತಿತು. ಬಹಳ ಹೊತ್ತು ಅಲ್ಲೇ ಸವರಿದಳು.

"ನಲವತ್ತು ವರ್ಷ ನಿಮ್ಮ ಅಂಗಡಿಯಿಂದ ಮೂಳೆ ತಂದು ನನ್ನ ನಾಯಿಗಳಿಗೆ ಹಾಕಿದೀನಿ. ಮೊದಲು ನಿಮ್ಮಪ್ಪ ಕೊಡ್ತಿದ್ದ, ಆಮೇಲೆ ನೀನು," ಅಂದಳು. "ಅಗಿದ ಮೂಳೆ ಯಾವ್ದು, ಸಿಡಿದ ಮೂಳೆ ಯಾವ್ದು, ನಂಗೊತ್ತಿಲ್ವೇನೋ?"

ಫಯ್ಯಾದ್ ಹಣೆಯ ಗಾಯ ಮುಟ್ಟಿಕೊಂಡ.

"ಹಣೆಗೇನಾಯ್ತು?"

"ಬಂಡೆ ತಾಗ್ತು."

"ರಕ್ತ ಬಂದಿದೆ."

"ಹೂಂ."

"ಈಗ ಬಂದು ಏನು ಬಂತು," ಅಂದಳು.

ಅವನು ಮಂಡಿಯೂರಿ ಕೂತ. "ಊರಿಗೆ ಹೇಳಿಬಿಡಿ ಉಮ್ಮ್ ಮುನೀಫ್. ಬಂದೂಕ ತಗೊಂಡು ಬರ್ಲಿ. ನಾನೇ ಮುಂದೆ ನಡೆದು ದಾರಿ ತೋರಿಸ್ತೀನಿ. ಆಮೇಲೆ ನನಗೂ ಏನು ಬೇಕಾದ್ರೂ ಮಾಡ್ಲಿ."

"ಹೇಳಿದ್ರೆ ನಿನ್ನ ಎದೆ ಹಗುರಾಗುತ್ತೆ, ಅಲ್ವಾ? ನನಗೇನು ಸಿಗುತ್ತೆ?" ಅವಳ ದನಿ ಏರಲಿಲ್ಲ. "ಕಾಫಿ ಕುಡೀತಾ ಕುಡೀತಾ ಆಡ್ಕೋತಾರೆ, ಮುನೀಫನ್ನ ಕಿರುಬ ತಿಂತಂತೆ ಅಂತ. ಊಟ ಮಾಡದ ಮಕ್ಕಳಿಗೆ ನನ್ನ ಮಗನ ಹೆಸರು ಹೇಳಿ ಹೆದರಿಸ್ತಾರೆ. ನೂರು ವರ್ಷ ಹೇಳ್ತಾರೆ. ಬೇಡ. ನನ್ನ ಮಗನಿಗೆ ಶೆಲ್ಲು ಬಿತ್ತು. ಆ ಸುಳ್ಳು ಹುಟ್ಟಿಸಿದವನು ನೀನು, ಸಾಕೋನೂ ನೀನೇ. ಕಿರುಬ ಮನುಷ್ಯರನ್ನ ಮುಟ್ಟಲ್ಲ ಅಂತ ಇಷ್ಟು ವರ್ಷ ಹೇಳಿದೆಯಲ್ಲ? ಇನ್ಮೇಲೂ ಹೇಳು. ಸಾಯೋವರೆಗೂ ಹೇಳು. ನೀನು ಬಾಯಿ ಮುಚ್ಚಿದ ದಿನ ಜನ ಯೋಚನೆ ಮಾಡೋಕೆ ಶುರು ಮಾಡ್ತಾರೆ."

"ಕುಂಟಿ..."

"ಬದುಕಿಕೊಳ್ಳಲಿ. ನಿನಗೋಸ್ಕರ ಅಲ್ಲ. ಈಗ ಎದ್ದು ಹೋಗು, ಈ ಬಾಗಿಲಿಗೆ ಮತ್ತೆ ಬರಬೇಡ."

ಶುಕ್ರವಾರ ಗುಡ್ಡದ ಮೇಲಿನ ಸ್ಮಶಾನದಲ್ಲಿ ಮಣ್ಣಾಯಿತು. ಕಫನಿನ ಗಂಟು ಎಷ್ಟು ಹಗುರ ಇತ್ತೆಂದರೆ ಹೊರಲು ಒಬ್ಬನೇ ಸಾಕಾಗಿತ್ತು, ಆದರೂ ನಾಲ್ಕು ಜನ ಹೊತ್ತರು. ಎಲ್ಲ ಮುಗಿದು ಜನ ಕೈ ಒರೆಸಿಕೊಳ್ಳುತ್ತಿದ್ದಾಗ ಉಮ್ಮ್ ಮುನೀಫ್ ಬಗ್ಗಿ ಒಂದು ಕಲ್ಲೆತ್ತಿ ಗೋರಿಯ ಮೇಲಿಟ್ಟಳು. ಇನ್ನೊಂದು ಇಟ್ಟಳು. ಯಾಕೆ ಅಂತ ಯಾರಿಗೂ ತಿಳಿಯಲಿಲ್ಲ. ಆ ಪದ್ಧತಿ ಬಿಟ್ಟು ವರ್ಷಗಳಾಗಿದ್ದವು.

"ಏನಯ್ಯಾ ಕಿರುಬದಪ್ಪ," ಅಂತ ಹಿಂದಿನಿಂದ ಯಾರೋ ಮೆಲ್ಲಗೆ ಕೆಣಕಿದರು, "ಕಲ್ಲು ಬೇಡ ಅಂತಿದ್ಯಲ್ಲ? ಹೇಳು ಅವಳಿಗೆ."

ಎಲ್ಲರೂ ಅವನ ಕಡೆ ತಿರುಗಿದರು. ಅವಳೂ ತಿರುಗಿದಳು, ಕಾದಳು.

"ಕಿರುಬ ಮನುಷ್ಯರನ್ನ ಮುಟ್ಟಲ್ಲ," ಅಂದ ಫಯ್ಯಾದ್.

"ಕೇಳಿದ್ರಲ್ಲ," ಅಂದಳು ಉಮ್ಮ್ ಮುನೀಫ್ ಜನರಿಗೆ. "ಇದು ನನ್ನ ಸಮಾಧಾನಕ್ಕೆ. ನೀನೂ ಒಂದು ತಾ, ಫಯ್ಯಾದ್. ದೊಡ್ಡದು ತಾ."

ಅವನು ತಂದ. ಅಬು ಹುಸ್ನಿಯೂ ಎರಡು ತಂದಿಟ್ಟ.

ಅಂಗಡಿ ಮತ್ತೆ ತೆರೆದಿದೆ. ವಾರಕ್ಕೆರಡು ಸಲ ಕರುಳು ಮೂಳೆ ಗಣಿಗೆ ಹೋಗುತ್ತದೆ. ಪ್ರೀತಿಗಲ್ಲ, ಅದರ ಹೊಟ್ಟೆ ತುಂಬಿರಲಿ, ಸ್ಮಶಾನದ ಕಡೆ ಬರದಿರಲಿ ಅಂತ. ನೋಟುಬುಕ್ಕು ಮುಟ್ಟಿಲ್ಲ. ಕ್ಯಾಮೆರಾದಲ್ಲಿ ಕುಂಟಿಯ ಎರಡು ಮರಿಗಳೂ ಬೆಳೆದು ಓಡಾಡುವುದು ಕಂಡು ಡಾಕ್ಟರ್ ರೀಮಾ ಬೈರೂತಿನಿಂದ ಫೋನು ಮಾಡಿ ಕುಣಿದಾಡಿದಳು. "ಇಂಥಾ ಯುದ್ಧದಲ್ಲೂ ಉಳಿಸಿಬಿಟ್ರಲ್ಲ ಚಿಕ್ಕಪ್ಪ! ನಿಮ್ಮ ಫೋಟೋ ಹಾಕಿ ಒಂದು ಪೋಸ್ಟರ್ ಮಾಡಿಸ್ತೀನಿ, ನಿಮ್ಮ ಮಾತೇ ಹಾಕಿಸ್ತೀನಿ." ಬೇಡ ಅನ್ನಲು ಅವನಿಗೆ ಬಾಯಿರಲಿಲ್ಲ. ಬೇಡ ಅಂದರೆ ಯಾಕೆ ಅಂತ ಕೇಳುತ್ತಾರೆ.

ಪೋಸ್ಟರ್ ಶಾಲೆಯ ಗೋಡೆಗೆ ಬಂತು, ಕಸಾಯಿ ಅಂಗಡಿಗೆ ಎದುರಾಗಿ, ಸ್ಮಶಾನಕ್ಕೆ ಏರುವ ದಾರಿಯಲ್ಲಿ. ಫಯ್ಯಾದನ ನಗುಮುಖ, ಕೆಳಗೆ ದಪ್ಪಕ್ಷರದಲ್ಲಿ ಅವನ ಮಾತು. ಗುರುವಾರ ಗುರುವಾರ ಉಮ್ಮ್ ಮುನೀಫ್ ಕೈಯಲ್ಲೊಂದು ಕಲ್ಲು ಹಿಡಿದು ಅದರ ಮುಂದೆ ಹಾದುಹೋಗುತ್ತಾಳೆ. ನಿಂತು, ಅಕ್ಷರ ಬಿಡದೆ ಒಮ್ಮೆ ಓದುತ್ತಾಳೆ. ಆಮೇಲೆ ಗುಡ್ಡ ಹತ್ತುತ್ತಾಳೆ. ಅವಳು ಕಣ್ಮರೆಯಾಗುವವರೆಗೂ ಫಯ್ಯಾದ್ ಕತ್ತಿ ಕೆಳಗಿಟ್ಟು ಕಾಯುತ್ತಾನೆ.