ಶಿಫಾಳ ಜುಮುಕಿ

ದೆವ್ವ ಗಿವ್ವ ಎಂದರೆ ನನಗೆ ಮೈ ಉರಿಯುತ್ತದೆ. ಆದರೂ ಇದನ್ನು ಹೇಳುತ್ತಿದ್ದೇನೆ, ಏಕೆಂದರೆ ಆ ಫೋಟೊ ಬಂದದ್ದು ನನ್ನ ಫೋನಿಗೇ.

ತುಮಕೂರಿನಲ್ಲಿ ಕೂತು ಸುತ್ತಮುತ್ತಲ ಅಂಗಡಿಗಳ ಕಂಪ್ಯೂಟರ್ ಕಾಯುವುದು ನನ್ನ ಕೆಲಸ. ಒಂದೊಂದರಲ್ಲೂ ನಾನು ಬರೆದ ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಮ್, ಇದೆ. ಅದು ಫೈಲುಗಳನ್ನು ಕ್ಲೌಡ್‌ಗೆ ಕಳಿಸುತ್ತದೆ. ಹೊಸದೇನು ಸೇರಿದರೂ, ಯಾರು ಕೈಯಾಡಿಸಿದರೂ ನನಗೆ ಮೆಸೇಜ್ ಹಾಕುತ್ತದೆ.

ಗುಬ್ಬಿಯ ಬಶೀರ್ ಸಾಬರ ಸ್ಟುಡಿಯೋದಿಂದ ವರ್ಷಕ್ಕೊಮ್ಮೆ ಒಂದು ಫೋಟೊ ಬರುತ್ತಿತ್ತು. ಚಿಕ್ಕವಳಿದ್ದಾಗಲೇ ಜ್ವರ ಬಂದು ತೀರಿಹೋದ ಮಗಳು ಶಿಫಾಳದು. ಪ್ರತಿ ಸಲ ಅವಳು ಹುಟ್ಟಿದ ದಿನ ಬಂದಾಗ ಅವರು ಅದೇ ಮುಖವನ್ನು ಕಂಪ್ಯೂಟರಿನಲ್ಲಿ ತಿದ್ದಿ ತಿದ್ದಿ ಒಂದು ವರ್ಷ ದೊಡ್ಡದು ಮಾಡುತ್ತಿದ್ದರು.

"ಇದ್ದಿದ್ರೆ ಈಗ ಕಾಲೇಜಿಗೆ ಹೋಗೋಳು ಕಣಮ್ಮ. ಜಡೆ ಸರಿಯಾಗೈತಾ ನೋಡು," ಎಂದಿದ್ದರು ಕಳೆದ ಸಲ, ಲವಂಗ ಅಗಿಯುತ್ತಾ. ತಲೆಯಾಡಿಸಿ ಆಚೆ ಬಂದು ಅತ್ತುಬಿಟ್ಟಿದ್ದೆ.

ಆಮೇಲೆ ಅವರೂ ಹೋದರು. ಗಂಡ ತೀರಿದಾಗ ಪಾಲಿಸುವ ಇದ್ದತ್ತಿನ ತಿಂಗಳುಗಳನ್ನು ಮನೆಯಲ್ಲೇ ಕಳೆದ ಮೇಲೆ ಅವರ ಹೆಂಡತಿ ಜೀನತಕ್ಕ ಫೋನ್ ಮಾಡಿದರು.

"ಅಂಗ್ಡಿ ಖಾಲಿ ಮಾಡ್ತಾ ಇದೀನಿ ಕಣಮ್ಮ. ನನ್ ಮಗೂ ಫೋಟೊ ತೆಕ್ಕೊಡು. ಅವ್ರಿದ್ದಾಗ ಒಂದೂ ನೋಡ್ಲಿಲ್ಲ. ಹೋದ್ ಮಗೂನ ಯಾಕ್ ಎಬ್ಬಿಸ್ತೀರಾ ಅಂತ ಜಗಳ ಆಡ್ತಿದ್ದೆ."

ಹೋದಾಗ ಕತ್ತಲಾಗಿತ್ತು. ಗಿರಾಕಿಗಳ ಫೋಟೊ ಯಾರ ಕೈಗೂ ಸಿಗಬಾರದೆಂದು ಮೊದಲು ಹಳೇ ಕಂಪ್ಯೂಟರಿನ ಡಿಸ್ಕ್ ಬಿಚ್ಚಿ ಬ್ಯಾಗಿಗೆ ಹಾಕಿಕೊಂಡೆ. ಆಮೇಲೆ ನನ್ನ ಲ್ಯಾಪ್‌ಟಾಪಿನಲ್ಲಿ ಕ್ಲೌಡ್ ತೆರೆದು ಒಂದೊಂದೇ ಶಿಫಾಳನ್ನು ತೋರಿಸಿದೆ. ಜೀನತಕ್ಕ ಪರದೆಯನ್ನೇ ಸವರುತ್ತಿದ್ದರು.

ಟಿಕ್... ಟಿಕ್... ಆ ಕಂಪ್ಯೂಟರಿದ್ದ ಮೂಲೆಯಲ್ಲಿ ಮೌಸ್ ಒತ್ತಿದ ಸದ್ದು. ಲವಂಗದ ವಾಸನೆ... ನನ್ನ ಫೋನು ಟಿಂಗ್ ಎಂದಿತು.

"ಬಶೀರ್ ಸ್ಟುಡಿಯೋ: ಹೊಸ ಫೈಲು ಒಂದು."

ದಾಖಲೆ ನೋಡಿದೆ. ಫೈಲು ಅದೇ ಕಂಪ್ಯೂಟರಿನಿಂದ, ಈಗಷ್ಟೇ ಬಂದಿತ್ತು. ಅದರ ಡಿಸ್ಕ್ ನನ್ನ ಬ್ಯಾಗಿನಲ್ಲಿತ್ತು, ಕಿತ್ತ ವೈರು ನೆಲದ ಮೇಲೆ ಬಿದ್ದಿತ್ತು. ಫೋನನ್ನು ಮಗುಚಿ ಹಿಡಿದೆ.

"ಏನಮ್ಮ ಅದು?"

"ಏನಿಲ್ಲ ಅಕ್ಕ..."

"ತೋರ್ಸು. ಇವತ್ತು ಶಿಫಾ ಹುಟ್ಟಿದ್ ದಿನ."

ತೋರಿಸಿದೆ. ಇನ್ನೊಂದು ವರ್ಷ ದೊಡ್ಡವಳಾದ ಹುಡುಗಿ. ಕಿವಿಯಲ್ಲಿ ಕೆಂಪು ಕಲ್ಲಿನ ಜುಮುಕಿ. ಎಡಗಡೆಯದರಲ್ಲಿ ಒಂದು ಕಲ್ಲು ಉದುರಿತ್ತು.

ಜೀನತಕ್ಕ "ಯಾ ಅಲ್ಲಾ" ಎಂದು ಕುಸಿದು ಕೂತರು. ತಮ್ಮ ಚೀಲದೊಳಗಿನ ಕರವಸ್ತ್ರದ ಗಂಟು ಬಿಚ್ಚಿದರು. ಅದೇ ಜುಮುಕಿ. ಎಡಗಡೆಯದರಲ್ಲಿ ಕಲ್ಲಿಲ್ಲ.

"ಅವಳ ನಿಕಾಹ್‌ಗೆ ಅಂತ ಕದ್ದು ಮಾಡ್ಸಿದ್ದೆ. ಅವ್ರನ್ನ ಬೈತಾ ಬೈತಾ ನಾನೂ ಅವಳ್ನ ಬೆಳೆಸ್ತಿದ್ದೆ ಕಣಮ್ಮ... ಇದ್ನ ಅವ್ರಿಗೆ ಒಂದಿನಾನೂ ತೋರ್ಸಿಲ್ಲ. ತೋರ್ಸಿದ್ರೆ ಇಬ್ರೂ ಒಟ್ಟಿಗೆ ಅಳಬಹುದಿತ್ತು."

ಅವರನ್ನು ತಬ್ಬಿಕೊಂಡು ಕೂತೆ. ಮತ್ತೆ ಯಾವ ಸದ್ದೂ ಬರಲಿಲ್ಲ.

ಆ ಕಂಪ್ಯೂಟರನ್ನು ಗುಜರಿಗೆ ಹಾಕಿ ಆಯಿತು. ಅದರ ಹೆಸರನ್ನು ಸ್ಕ್ರಿಪ್ಟಿನಿಂದ ತೆಗೆಯಲು ಮಾತ್ರ ನನಗೆ ಇನ್ನೂ ಮನಸ್ಸು ಬಂದಿಲ್ಲ. ಶಿಫಾ ಹುಟ್ಟಿದ ದಿನ ಮತ್ತೆ ಹತ್ತಿರ ಬಂದಿದೆ. ನಿನ್ನೆ ಜೀನತಕ್ಕ ಫೋನ್ ಮಾಡಿ ಮೆಲ್ಲಗೆ ಕೇಳಿದರು, "ಈ ಸಲಾನೂ ಬರ್ತಾಳೇನಮ್ಮ?"

ಏನು ಹೇಳಲಿ? ಬಂದರೆ ನನಗೆ ಹೆದರಿಕೆ. ಬರದೇ ಹೋದರೆ ಇನ್ನೂ ಹೆದರಿಕೆ.