ರಾಗ್ನಾಳ ಮೂಲೆ ಸೈಟು

ಸೋಲ್‌ಬರ್ಗಿನವರು ಮಾಡಿದ ತಪ್ಪನ್ನು ಬೇರೆ ಯಾವ ಊರಿನವರೂ ಮಾಡುತ್ತಿರಲಿಲ್ಲ. ನಾರ್ವೆಯಲ್ಲಿ ಹುಟ್ಟಿ ಬೆಳೆದು ಅಮೆರಿಕಕ್ಕೆ ಬಂದು ನೆಲೆಸಿದ ಅವರಿಗೆ ದಾರಿ ಅಂದರೆ ಚರ್ಚಿಗೆ ಹೋಗುವ ದಾರಿ. ಬೆಟ್ಟ ಇರಲಿ, ಹೊಳೆ ಇರಲಿ, ಅದು ಸುತ್ತಿ ಬಳಸಿ ಕೊನೆಗೆ ಚರ್ಚಿನ ಬಾಗಿಲಿಗೇ ಬಂದು ಮುಟ್ಟಬೇಕು. ಹಾಗಾಗಿ ನಮ್ಮ ಡಕೋಟಾದ ಬಯಲಿಗೆ ರೈಲು ಬರುತ್ತದೆ ಅಂತ ಸುದ್ದಿ ಹಬ್ಬಿದಾಗ ಅವರು ಮೊದಲು ಮಾಡಿದ ಕೆಲಸ ಚರ್ಚಿಗೆ ಎತ್ತರದ ಗಂಟೆಗೋಪುರ ಕಟ್ಟಿಸಿದ್ದು. ಗೋಪುರ ಕಂಡ ಮೇಲೆ ರೈಲು ಇನ್ನೆಲ್ಲಿಗೆ ಹೋದೀತು? ರೈಲು ಕಂಪನಿಯ ಮನುಷ್ಯ ಜಾಗ ಕೇಳಲು ಬಂದಾಗ ಹಿರಿಯರು ಬಾಯಿಗೆ ಬಂದ ಬೆಲೆ ಹೇಳಿದರು. ಆ ಮನುಷ್ಯ ಬೆಲೆ ತಗ್ಗಿಸಿ ಅಂತ ಕೂಡ ಕೇಳಲಿಲ್ಲ. ಎದ್ದು ಹೋದವನು ದಕ್ಷಿಣಕ್ಕೆ ನಾಲ್ಕು ಮೈಲಿ ದೂರ, ನರಪಿಳ್ಳೆ ಇಲ್ಲದ ಹುಲ್ಲಿನಲ್ಲಿ ಗೂಟ ಹೊಡೆಸಿ, ಅದಕ್ಕೆ ಮೆರ್ಟನ್ ಅಂತ ಹೆಸರಿಟ್ಟು ಸ್ಟೇಷನ್ ಕಟ್ಟಿಸಿಬಿಟ್ಟ.

ಸೋಲ್‌ಬರ್ಗಿಗೆ ಹೊಟ್ಟೆ ಉರಿಯಿತು. ಅಂಗಡಿಯ ಎಲ್ಲಿಂಗ್, ಚರ್ಚಿನ ಯಜಮಾನಿಕೆಯೂ ಅವನದೇ, ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಗಂಡಸರನ್ನೆಲ್ಲ ನಿಲ್ಲಿಸಿಕೊಂಡ.

"ಮೆರ್ಟನ್‌ನಲ್ಲಿ ನಮ್ಮೋರು ಒಬ್ಬರೂ ಒಂದಡಿ ಜಾಗ ತಗೋಬಾರ್ದು. ಕೊಳ್ಳೋರೇ ಇಲ್ದಿದ್ರೆ ಎಷ್ಟು ದಿನ ಹುಲ್ಲು ಕಾಯ್ತಾ ಕೂತಿರ್ತಾನೆ ಅವ್ನು? ಮಂಡಿಯೂರ್ಕೊಂಡು ಬರ್ತಾನೆ, ನೋಡ್ತಿರಿ. ಎತ್ರಿ ಕೈ."

ಕೈಗಳೆಲ್ಲ ಎದ್ದವು.

ರಾಗ್ನಾ ಈ ಎಲ್ಲಿಂಗನ ಸತ್ತ ತಮ್ಮನ ಹೆಂಡತಿ. ಐವತ್ತರ ಹತ್ತಿರದ ಹೆಂಗಸು, ಅಗಲ ಭುಜ, ಬೆಂಕಿಯ ಮುಂದೆ ನಿಂತು ನಿಂತು ಕೆಂಪಾದ ಮುಖ. ಗಂಡ ಜ್ವರದಲ್ಲಿ ಹೋದ ಮೇಲೆ ಮನೆಯ ಮುಂಭಾಗದಲ್ಲಿ ಉದ್ದದ ಮೇಜು ಹಾಕಿ ಊಟದ ಮನೆ ನಡೆಸಿದಳು. ಸುತ್ತಲ ಹೊಲಗಳಲ್ಲಿ ಒಂಟಿಯಾಗಿದ್ದ, ಮದುವೆಯಾಗದ ಹುಡುಗರಿಗೆಲ್ಲ ಅವಳ ಮೇಜೇ ಗತಿ. ಅದಕ್ಕೂ ಮುಂಚೆ, ಹಡಗಿನಿಂದ ಇಳಿದ ಹೊಸತರಲ್ಲಿ, ಮಿನೆಸೋಟಾದ ಒಂದು ರೈಲು ಊರಿನಲ್ಲಿ ಮನೆಗೆಲಸಕ್ಕಿದ್ದಳು. ಅಲ್ಲಿನ ಯಜಮಾನ ಸ್ಟೇಷನ್ ಎದುರಿಗೆ ಒಂದು ಮೂಲೆ ಸೈಟು ಹಿಡಿದಿದ್ದ. ಉತ್ತಲಿಲ್ಲ, ಬಿತ್ತಲಿಲ್ಲ, ಸುಮ್ಮನೆ ಕೂತಿದ್ದ. ಕೂತಲ್ಲೇ ದೊಡ್ಡ ಮನುಷ್ಯನಾದ. ಅವನ ಅಂಗಿ ಒಗೆಯುತ್ತಾ ರಾಗ್ನಾ ಅದನ್ನೆಲ್ಲ ನೋಡಿಕೊಂಡಿದ್ದಳು.

ಮೆರ್ಟನ್‌ನಲ್ಲಿ ಸೈಟುಗಳ ಹರಾಜು ಆದ ದಿನ ಅವಳು ಮೊಟ್ಟೆ ಸಾಗಿಸುವ ಗಾಡಿ ಹತ್ತಿ ಹೋದಳು. ಸ್ಟೇಷನ್ ಎದುರಿನ ಎರಡು ಮೂಲೆಗಳಲ್ಲಿ ಒಂದು ಹೋಟೆಲ್ಲಿನವನ ಪಾಲಾಗಿತ್ತು. ಇನ್ನೊಂದನ್ನು ಕಂಪನಿಯ ಜಾಗದ ಏಜೆಂಟ್ ಪ್ರೆಂಟಿಸ್ ತನ್ನ ಗೆಳೆಯನ ಬ್ಯಾಂಕಿಗೆ ಅಂತ ಮನಸ್ಸಿನಲ್ಲೇ ಎತ್ತಿಟ್ಟಿದ್ದ. ಆದರೆ ಆ ಗೆಳೆಯ ಬರಬೇಕಾಗಿದ್ದ ರೈಲು ಎಲ್ಲೋ ನಿಂತುಬಿಟ್ಟಿತ್ತು. ಎಲ್ಲರ ಮುಂದೆ ಕೂಗಿದ ಹರಾಜು, ಕೂಗು ರಾಗ್ನಾಳ ಮೇಲೆ ನಿಂತಿತು. ಪ್ರೆಂಟಿಸನಿಗೆ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ಅವಳು ಮನೆ ಸೇರುವ ಮೊದಲೇ ಸುದ್ದಿ ಸೋಲ್‌ಬರ್ಗ್ ಸೇರಿತ್ತು. ಎಲ್ಲಿಂಗ್ ಬಾಗಿಲಲ್ಲೇ ನಿಂತಿದ್ದ.

"ಊರಿಗೆಲ್ಲ ಒಂದು ದಾರಿ, ನಿಂಗೊಂದು ದಾರಿನಾ ರಾಗ್ನಾ? ಕೈ ಎತ್ತಿದ ಮೇಲೆ ಮಾತು ಅಂದ್ರೆ ಮಾತು."

"ಎತ್ತಿದೋರಿಗೆ, ಭಾವ. ನನ್ನ ಕೈ ಯಾರೂ ಕೇಳ್ಲಿಲ್ಲ. ನಾನು ಹಿಂದೆ ನಿಮ್ಗೆಲ್ಲ ಕಾಫಿ ಬಗ್ಗಿಸ್ತಾ ಇದ್ದೆ."

"ಹೆಂಗಸಿಗೆ ಯಾಕೆ ಭೂಮಿ ಯಾಪಾರ? ಏನ್ಮಾಡ್ತೀಯ ಅದನ್ನ?"

"ಬೆಲೆ ಬಂದಾಗ ಮಾರ್ತೀನಿ."

"ನಾಚ್ಕೆ ಆಗಲ್ವಾ?"

"ಹುಲ್ಲಿಗೆ ಚಿನ್ನದ ಬೆಲೆ ಹೇಳಿದ್ದು ನಾನಾ, ನೀವಾ? ನೀವು ಹೇಳಿದ್ದು ಗಿಟ್ಲಿಲ್ಲ. ನಂದು ಗಿಟ್ಟತ್ತೋ ಇಲ್ವೋ ನೋಡೋಣ. ಅಷ್ಟೇ ವ್ಯತ್ಯಾಸ."

ಆವತ್ತಿನಿಂದ ಚರ್ಚಿನಲ್ಲಿ ಅವಳ ಪಕ್ಕದ ಬೆಂಚು ಖಾಲಿಯಾಯಿತು. ಅವಳು ಶಾಲು ಹರಡಿಕೊಂಡು ಆರಾಮಾಗಿ ಕೂತಳು.

ಆದರೆ ಕಂಪನಿಯ ಕರಾರಿನಲ್ಲಿ ಒಂದು ಗಂಟು ಇತ್ತು. ಸೈಟು ಕೊಂಡವರು ಆ ವರ್ಷ ಮುಗಿಯುವುದರೊಳಗೆ ಅದರ ಮೇಲೆ ಮನೆ ನಿಲ್ಲಿಸಿ ಒಲೆ ಹಚ್ಚಿರಬೇಕು. ಇಲ್ಲದಿದ್ದರೆ ಜಾಗ ಕಂಪನಿಗೆ ವಾಪಸ್ಸು, ಕಟ್ಟಿದ ಹಣ ಹೊಳೆಗೆ. ಬಯಲಿನಲ್ಲಿ ಮರ ಇಲ್ಲ. ಹಲಗೆ ಬೇಕಾದರೆ ಮೆರ್ಟನ್ನಿನ ಒಂದೇ ಒಂದು ಮರದ ಡಿಪೋಗೆ ಹೋಗಬೇಕು, ಅದೂ ಪ್ರೆಂಟಿಸನ ಅಂಕೆಯಲ್ಲೇ ಇತ್ತು.

"ಹಲಗೆ ಮುಗಿದಿದೆ," ಅಂದ ಪ್ರೆಂಟಿಸ್.

ರಾಗ್ನಾಳಿಗೆ ಅವರ ಇಂಗ್ಲಿಷು ಅಷ್ಟಕ್ಕಷ್ಟೆ. ಆದರೂ ಅವನ ಬೆನ್ನ ಹಿಂದೆ ಮಾಡಿನೆತ್ತರಕ್ಕೆ ಪೇರಿಸಿದ್ದ ರಾಶಿಗೆ ಬೆರಳು ತೋರಿಸಿದಳು. "ಅದೇನದು? ಬೆಣ್ಣೆನಾ?"

"ಅದು ಬೇರೆಯವರಿಗೆ ಹೇಳಿಟ್ಟಿದ್ದು. ಬೇಸಿಗೇಲಿ ಬಾ."

ಬೇಸಿಗೆಗೆ ಸೈಟು ಅವಳದಾಗಿರುವುದಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು. ಅವಳು ಹಿಂತಿರುಗಿದಳು. ದಾರಿಯುದ್ದಕ್ಕೂ ಅವನಿಗೆ ನಾರ್ವೆ ಭಾಷೆಯಲ್ಲಿ ಏನೇನು ಬೈದಳು ಅನ್ನುವುದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಕ್ರಿಸ್‌ಮಸ್ಸಿಗೆ ಇನ್ನೂ ಒಂದು ವಾರ ಇತ್ತು. ಹಿಮ ಬಿದ್ದು ಗಟ್ಟಿಯಾಗಿತ್ತು. ರಾತ್ರಿ ಊಟಕ್ಕೆ ಕೂತವರ ಮುಂದೆ ಬಟಾಣಿ ಸಾರಿನ ಪಾತ್ರೆ ಇಟ್ಟು ರಾಗ್ನಾ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಮಂಗಳವಾರ ಈ ಮನೆ ಮೆರ್ಟನ್ನಿಗೆ ಹೋಗತ್ತೆ. ತಿಂಡಿ ಇಲ್ಲಿ, ರಾತ್ರಿ ಊಟ ಅಲ್ಲಿ. ಮಧ್ಯಾಹ್ನದ್ದು ದಾರೀಲಿ ಸಿಗತ್ತೆ."

ಮೇಜಿನ ತುದಿಯಲ್ಲಿ ಗುಲ್ಬ್ರಾಂಡ್ ಕೂತಿದ್ದ. ಅಷ್ಟೂ ಜನರಲ್ಲಿ ಉದ್ದನೆಯವನು ಅವನೇ, ಎಲ್ಲರಿಗಿಂತ ಹೆಚ್ಚು ತಿನ್ನುವವನೂ ಅವನೇ. ಚಮಚ ಕೆಳಗಿಟ್ಟ.

"ನಾವು ಕೈ ಎತ್ತಿದೀವಲ್ಲ ಅಕ್ಕ."

"ಏನಂತ ಎತ್ತಿದ್ರಿ? ಜಾಗ ಕೊಳ್ಳಲ್ಲ ಅಂತ. ಮನೆ ಎಳೆಯಲ್ಲ ಅಂತ ಯಾರಾದ್ರೂ ಎತ್ತಿದ್ರಾ?"

ಗುಲ್ಬ್ರಾಂಡ್ ಯೋಚಿಸಿದ. ಬಾಯಲ್ಲಿ ಆಲೂಗಡ್ಡೆ ಇದ್ದಿದ್ದರಿಂದ ಸ್ವಲ್ಪ ಹೊತ್ತು ಹಿಡಿಯಿತು. "ಇಲ್ಲ."

"ಮತ್ತೇನು?"

"ಎಲ್ಲಿಂಗಣ್ಣ ಬೈತಾನೆ."

"ಬೈಲಿ. ಬುಧವಾರ ನಿಂಗೆ ಊಟ ಎಲ್ಲಿಂಗಣ್ಣ ಹಾಕ್ತಾನಾ ಕೇಳ್ಕೊಂಡು ಬಾ."

ಮೇಜಿನ ಮೇಲೆ ನಗು ಎದ್ದಿತು. ಎಲ್ಲಿಂಗ್ ಮಾರುವ ಬಿಸ್ಕತ್ತನ್ನು ನೊಣವೂ ಮೂಸುವುದಿಲ್ಲ ಅಂತ ಹೆಸರಿತ್ತು.

ಮಂಗಳವಾರ ಬೆಳಕು ಹರಿಯುವಾಗ ಹುಡುಗರೆಲ್ಲ ತಮ್ಮ ತಮ್ಮ ಕುದುರೆ ಹೊಡೆದುಕೊಂಡು ಬಂದರು. ಹಲಗೆಯ ಮನೆಯನ್ನು ಸನ್ನೆಕೋಲಿನಿಂದ ಎತ್ತಿ ಅಡಿಗೆ ಎರಡು ಉದ್ದದ ದಿಮ್ಮಿ ತೂರಿಸಿದರು. ದಿಮ್ಮಿಗಳ ಮುಂದಿನ ತುದಿಯನ್ನು ಹಿಮದ ಮೇಲೆ ಜಾರುವ ಹಿಮಗಾಡಿಯ ಹಾಗೆ ಮೇಲಕ್ಕೆ ಬಾಗುವಂತೆ ಕೆತ್ತಿದ್ದರು, ಹಿಂದಿನ ತುದಿಯನ್ನು ಕೊಯ್ದಂತೆ ಚೌಕವಾಗಿಯೇ ಬಿಟ್ಟಿದ್ದರು. ಸರಪಳಿ ಬಿಗಿದು ಕುದುರೆಗಳನ್ನು ಸಾಲಾಗಿ ಕಟ್ಟಿ ಕೂಗು ಹಾಕಿದಾಗ ಮನೆ ಒಮ್ಮೆ ನರಳಿ, ಆಮೇಲೆ ಹೊರಟಿತು. ಒಳಗೆ ರಾಗ್ನಾ ಒಲೆಯ ಮುಂದೆ ಕಾಲು ಅಗಲಿಸಿ ನಿಂತು ಆಲೂಗಡ್ಡೆ ರೊಟ್ಟಿ ಬೇಯಿಸುತ್ತಿದ್ದಳು. ಚಿಮಣಿಯಿಂದ ಹೊಗೆ ಬಿಡುತ್ತಾ ಮನೆ ಚರ್ಚಿನ ಮುಂದೆಯೇ ಹಾದು ಹೋಯಿತು. ಸೋಲ್‌ಬರ್ಗಿನ ಹೆಂಗಸರು ಪರದೆ ಸರಿಸಿ ನೋಡಿದರು. ರಾಗ್ನಾ ಕಿಟಕಿಯಿಂದ ಅವರಿಗೆ ಸೌಟು ಬೀಸಿದಳು.

ರೈಲು ಕಂಬಿ ಸಿಕ್ಕಿದ್ದು ಮಧ್ಯಾಹ್ನ. ಸೈಟು ಇದ್ದದ್ದು ಅದರ ಆಚೆಗೆ. ಆ ಚಳಿಗಾಲವೆಲ್ಲ ಮಧ್ಯಾಹ್ನದ ರೈಲು ಸಂಜೆಯ ಮುಂಚೆ ಬಂದದ್ದೇ ಇಲ್ಲ, ಅದನ್ನೇ ನಂಬಿ ಹುಡುಗರು ಹಲಗೆ ಹಾಸಿ ದಿಮ್ಮಿಗಳನ್ನು ಕಂಬಿಯ ಮೇಲೆ ಹತ್ತಿಸಿದರು. ನಡುವೆ ಬಂದಾಗ ಒಂದು ಹಲಗೆ ಸೀಳಿತು. ಎಡದ ದಿಮ್ಮಿ ಎರಡು ಕಂಬಿಗಳ ನಡುವೆ ಕುಸಿದು ಕೂತಿತು. ಕುದುರೆಗಳು ಮುಗ್ಗರಿಸಿದವು, ಮನೆ ಅಲ್ಲಾಡಲಿಲ್ಲ.

ಅಷ್ಟರಲ್ಲಿ ಹಿಂದಿನಿಂದ ಹಿಮಗಾಡಿಯ ಗಂಟೆ ಕೇಳಿಸಿತು. ಎಲ್ಲಿಂಗ್. ಅವನ ಗಾಡಿಗೆ ಕಟ್ಟಿದ್ದ ಎರಡು ದಪ್ಪ ಕುದುರೆಗಳಷ್ಟು ಬಲದವು ಆ ಸುತ್ತಿನಲ್ಲಿ ಬೇರೆ ಇರಲಿಲ್ಲ.

"ಬಿಚ್ರೋ ಕುದುರೇನ," ಅಂತ ಬಂದ. "ನಾಚ್ಕೆಗೆಟ್ಟೋರ. ರೊಟ್ಟಿಗೆ ಊರು ಮಾರ್ಕೊಂಡ್ರಾ?"

ರಾಗ್ನಾ ಬಾಗಿಲು ತೆರೆದಳು. "ಬನ್ನಿ ಭಾವ, ಕಾಫಿ ಕುಡೀರಿ."

"ಬೇಡ."

"ಈಗ್ತಾನೆ ಇಳಿಸಿದ್ದು."

"ಬೇಡ ಅಂದ್ನಲ್ಲ."

"ಚಳೀಲಿ ಬಂದಿದೀರ, ಒಂದು ಗುಟುಕು ಕುಡೀರಿ."

ಎರಡು ಸಲ ಬೇಡ ಅನ್ನುವುದು ನಾರ್ವೆಯವರಲ್ಲಿ ಮರ್ಯಾದೆ. ಮೂರನೆಯ ಸಲವೂ ಬೇಡ ಅಂದರೆ ಆ ಮನೆಯ ಮುಖಕ್ಕೆ ಉಗುಳಿದ ಹಾಗೆ. ಸಿಟ್ಟು ಎಷ್ಟೇ ಇರಲಿ, ಎಲ್ಲಿಂಗ್ ಅಂಥ ಮನುಷ್ಯನಲ್ಲ. ಬೂಟು ಕೊಡವಿ ಒಳಗೆ ಬಂದು, ತಮ್ಮ ಕೂರುತ್ತಿದ್ದ ಕುರ್ಚಿಯಲ್ಲಿ ಮುಖ ಗಂಟಿಕ್ಕಿ ಕೂತ. ಹಲ್ಲಿನ ನಡುವೆ ಸಕ್ಕರೆ ಗಡ್ಡೆ ಕಚ್ಚಿ, ಕಾಫಿಯನ್ನು ತಟ್ಟೆಗೆ ಬಗ್ಗಿಸಿಕೊಂಡು ಸುರ್ರನೆ ಎಳೆದ.

ದೂರದಲ್ಲಿ ರೈಲು ಕೂಗಿತು. ಆ ಚಳಿಗಾಲದಲ್ಲಿ ಅದು ಹೊತ್ತಿಗೆ ಸರಿಯಾಗಿ ಬಂದದ್ದು ಅವತ್ತೊಂದೇ ದಿನ. ಬಟ್ಟಬಯಲು, ಚಾಲಕನಿಗೆ ಮೈಲಿಗಟ್ಟಲೆ ಆಚೆಯಿಂದಲೇ ಕಂಬಿಯ ಮೇಲೆ ಹೊಗೆಯಾಡುವ ಮನೆ ಕಂಡಿತ್ತು. ಗಾಡಿ ಕಿರುಗುಟ್ಟುತ್ತಾ ಬಂದು ಮನೆಯ ಗೋಡೆಯಿಂದ ಸ್ವಲ್ಪ ದೂರದಲ್ಲಿ ನಿಂತಿತು. ಸ್ಟೇಷನ್ನಿನಿಂದ ಪ್ರೆಂಟಿಸ್ ಓಡಿ ಬಂದ, ನೇರ ಅಡುಗೆಮನೆಗೇ ನುಗ್ಗಿದ. ಗಂಡಸು ಕಂಡಿದ್ದರಿಂದ ಎಲ್ಲಿಂಗನ ಮೇಲೇ ಹರಿಹಾಯ್ದ.

"ಯಾರಪ್ಪನ ರೈಲು ಅಂದ್ಕೊಂಡಿದೀರ? ಹಿಂದಕ್ಕೆ ಎಳಿ ಈ ಕೋಳಿಗೂಡನ್ನ. ಬಂದ ದಾರೀಲೇ ವಾಪಸ್ ಹೋಗ್ಬೇಕು. ಈಗ್ಲೇ."

ಎಲ್ಲಿಂಗ್ ತಟ್ಟೆ ಕೆಳಗಿಟ್ಟ. ಆ ಮನೆಯ ಗೋಡೆಗೆ ಮೊಳೆ ಹೊಡೆದಿದ್ದವರು ಅವನೂ ಅವನ ತಮ್ಮನೂ. "ಕೋಳಿಗೂಡು ಅಂದ್ನಾ?" ಅಂತ ರಾಗ್ನಾಳನ್ನು ಕೇಳಿದ.

"ಅಂದ."

"ಇನ್ನೊಂದು ಲೋಟ ಕೊಡು."

ರೈಲಿನ ಚಾಲಕ ಐರ್ಲೆಂಡಿನವನು, ಅವನೂ ಇಳಿದು ಬಂದು ದಿಮ್ಮಿಯ ಕೆಳಗೆ ಬಗ್ಗಿ ನೋಡಿದ್ದ. ಬಾಗಿಲಿಗೆ ಒರಗಿ ರೊಟ್ಟಿಯ ಕಡೆ ನೋಡುತ್ತಾ ಹೇಳಿದ: "ಹಿಂದಿನ ತುದಿ ಚೌಕ ಇದೆ ಸ್ವಾಮಿ. ಹಿಂದಕ್ಕೆ ಎಳೆದ್ರೆ ಕಂಬೀನೂ ಕಿತ್ಕೊಂಡು ಬರತ್ತೆ. ಈ ಮನೆ ಹೋದ್ರೆ ಮುಂದಕ್ಕೆ, ಇಲ್ದಿದ್ರೆ ಇಲ್ಲೇ."

"ಮುಂದಕ್ಕೆ ಬಿಡಲ್ಲ."

"ಬಿಡ್ಬೇಡಿ. ಗಾಡಿ ಯಾಕೆ ನಿಂತಿದೆ ಅಂತ ಮೇಲಿನೋರು ತಂತಿ ಕಳ್ಸಿದ್ರೆ ನಿಮ್ಮ ಹೆಸ್ರು ಹೇಳ್ತೀನಿ. ಅಮ್ಮ, ಆ ರೊಟ್ಟಿ ಯಾರಿಗೆ?"

ರಾಗ್ನಾ ಒಂದಕ್ಕೆ ಬೆಣ್ಣೆ ಸವರಿ ಸುತ್ತಿ ಅವನ ಕೈಗೆ ಕೊಟ್ಟಳು.

ಪ್ರೆಂಟಿಸ್ ಹೊರಗೆ ನೋಡಿದ. ರೈಲಿನ ಕಿಟಕಿಗಳಿಂದ ತಲೆಗಳು ಹೊರಬಂದಿದ್ದವು. "ಸರಿ, ದಾಟಿ ಹಾಳಾಗಿ ಹೋಗಿ," ಅಂದ. ಆಮೇಲೆ ಸೋತು ಮಲಗುವಂತಿದ್ದ ಕುದುರೆಗಳನ್ನು ನೋಡಿ ಅವನ ತುಟಿ ಕೊಂಚ ಅರಳಿತು. "ದಾಟೋಕೆ ಆದ್ರೆ ತಾನೇ. ಸಂಜೆವರೆಗೂ ಇಲ್ಲೇ ಇದ್ರೆ ಕೊಡಲಿ ತರಿಸ್ತೀನಿ. ಸೌದೆ ಮಾಡ್ಕೊಂಡು ಹೋಗಿ."

ಅಡುಗೆಮನೆಯಲ್ಲಿ ನಿಂತಿದ್ದ ಗುಲ್ಬ್ರಾಂಡ್ ಕಿಟಕಿಯಿಂದ ಎಲ್ಲಿಂಗನ ಕುದುರೆಗಳನ್ನು ನೋಡಿದ, ಆಮೇಲೆ ರಾಗ್ನಾಳನ್ನು ನೋಡಿದ.

"ನಾನು ಕೇಳಲ್ಲ," ಅಂದಳು ರಾಗ್ನಾ. "ನನ್ನ ಸೈಟು, ನನ್ನ ಮನೆ. ಊರಿಗೆ ಮಾತು ಕೊಟ್ಟೋರ ಹತ್ರ ನಾನು ಕೈ ಚಾಚಲ್ಲ."

"ನೀನು ಕೇಳಿದ್ರೆ ನಾನು ಕೊಡ್ತಾನೂ ಇರ್ಲಿಲ್ಲ," ಅಂದ ಎಲ್ಲಿಂಗ್. ಎದ್ದು ಟೋಪಿ ಎಳೆದುಕೊಂಡ. "ಅವತ್ತು ನಮ್ಮೂರಿಗೆ ಬಂದು ಬೆನ್ನು ತೋರಿಸಿ ಹೋದೋರು ಇವರು. ಇವತ್ತು ನಮ್ಮ ಮನೇಗೇ ಹಿಂದಕ್ಕೆ ಹೋಗು ಅಂತಾರೆ. ಗುಲ್ಬ್ರಾಂಡ್, ಸರಪಳಿ ಹಿಡಿಯೋ."

ಅವನ ಜೋಡಿಯನ್ನು ಸಾಲಿನ ಮುಂದಕ್ಕೆ ಕಟ್ಟಿದರು. ಕುಸಿದ ದಿಮ್ಮಿಯ ಅಡಿಗೆ ಸನ್ನೆಕೋಲು ಕೊಟ್ಟು ಹುಡುಗರೆಲ್ಲ ಮೀಟಿದರು, ಚಾಲಕನೂ ಕೋಟು ಬಿಚ್ಚಿ ಕೈಹಾಕಿದ. ಎಲ್ಲಿಂಗ್ ಕುದುರೆಗಳ ಕಿವಿಯ ಹತ್ತಿರ ನಿಂತು ಚರ್ಚಿನ ಯಜಮಾನ ಆಡಬಾರದ ಒಂದು ಮಾತು ಆಡಿದ. ದಿಮ್ಮಿ ಕಿರುಚಿತು, ಏರಿತು, ಜಾರಿತು. ಮನೆ ಕಂಬಿ ಇಳಿದು, ಸ್ಟೇಷನ್ ಎದುರಿನ ಬೀದಿ ದಾಟಿ, ಮೂಲೆಯಲ್ಲಿ ಹೋಗಿ ನಿಂತಿತು. ಒಳಗೆ ಒಡೆದದ್ದು ಎರಡು ತಟ್ಟೆ. ಒಲೆ ಆರಿರಲಿಲ್ಲ.

ಮರುದಿನ ಬೆಳಿಗ್ಗೆ ಪ್ರೆಂಟಿಸ್ ಬಂದ. ಕರಾರಿನಲ್ಲಿ ಮನೆ ಅಲ್ಲೇ ಕಟ್ಟಿರಬೇಕು ಅಂತ ಎಲ್ಲೂ ಇರಲಿಲ್ಲ. ಅದನ್ನು ಅವನು ರಾತ್ರಿಯೇ ನೋಡಿಕೊಂಡಿದ್ದ. ಹಾಗಾಗಿ ದನಿ ಮೆತ್ತಗಾಗಿತ್ತು. ಅವಳು ಕೊಟ್ಟಿದ್ದರ ಮೂರರಷ್ಟು ಕೊಡುತ್ತೇನೆ ಅಂದ. ರಾಗ್ನಾ ತನ್ನ ಬೆಲೆ ಹೇಳಿದಳು.

"ಹುಚ್ಚರೂ ಕೊಡಲ್ಲ ಅಷ್ಟು," ಅಂದ ಪ್ರೆಂಟಿಸ್.

ಹಿಂದಿನ ದಿನ ಕತ್ತಲಾಯಿತು ಅಂತ ಅಲ್ಲೇ ಉಳಿದಿದ್ದ ಎಲ್ಲಿಂಗ್ ಅವಳ ಕಿವಿಯಲ್ಲಿ ಪಿಸುಗುಟ್ಟಿದ. "ಕೊಟ್ಬಿಡು ಮಾರಾಯ್ತಿ. ನಾವೂ ಹೀಗೇ ಜಾಸ್ತಿ ಹೇಳಿ ಕೆಟ್ವಿ."

"ಅವತ್ತು ಗೂಟ ಇವ್ರ ಕೈಲಿತ್ತು ಭಾವ, ಎಲ್ಲಿ ಬೇಕಾದ್ರೂ ಹೊಡೀಬಹುದಿತ್ತು. ಈಗ ಸ್ಟೇಷನ್ ಕಟ್ಟಿ ಆಗಿದೆ. ಅದನ್ನ ದಿಮ್ಮಿ ಮೇಲೆ ಹಾಕ್ಕೊಂಡು ಎಲ್ಲಿಗೆ ಹೋಗ್ತಾರೆ?" ಅಂದವಳು ಪ್ರೆಂಟಿಸನ ಕಡೆ ತಿರುಗಿದಳು. "ತಿಂಡಿ ತಿಂತೀರಾ? ತಿಂದ್ರೆ ಕೂತ್ಕೊಳ್ಳಿ. ಇಲ್ದಿದ್ರೆ ಬಾಗ್ಲು ಹಾಕಿ, ಚಳಿ ಬರತ್ತೆ."

ಅವನು ವಸಂತದಲ್ಲಿ ಮತ್ತೆ ಬಂದ, ಅವಳು ಹೇಳಿದ್ದ ಬೆಲೆ ಹಿಡಿದುಕೊಂಡು. ಅಷ್ಟು ಹೊತ್ತಿಗೆ ಅವಳ ಬೆಲೆ ಮೇಲಕ್ಕೆ ಹೋಗಿತ್ತು. ಸುಗ್ಗಿಯ ಮೇಲೆ ಬಂದಾಗ ಇನ್ನೂ ಮೇಲೆ ಹೋಗಿತ್ತು. ಆ ಸಲ ಬ್ಯಾಂಕಿನ ಗೆಳೆಯನೇ ಜೊತೆಗಿದ್ದ. ಕೇಳಿದಷ್ಟೂ ಕೊಟ್ಟು ಹೋದ, ಅದೂ ಅರ್ಧ ಸೈಟಿಗೆ. ಉಳಿದರ್ಧಕ್ಕೆ ಮನೆ ಸರಿಸಿಕೊಂಡು ರಾಗ್ನಾ ಅಡುಗೆ ಮುಂದುವರಿಸಿದಳು. ದುರಾಸೆಯ ಹೆಂಗಸು ಅಂತ ಸೋಲ್‌ಬರ್ಗಿನವರು ಆಡಿಕೊಂಡರು. ಆಡಿಕೊಂಡವರೆಲ್ಲ ಒಬ್ಬೊಬ್ಬರಾಗಿ ತಮ್ಮ ಮನೆಗಳಿಗೂ ದಿಮ್ಮಿ ಕೊಯ್ಯಿಸಿದರು.

ರೈಲು ಮುಂದಕ್ಕೆ ಬೆಳೆದು ಹೊಸದೊಂದು ಊರು ಹುಟ್ಟಿದಾಗ ರಾಗ್ನಾ ಅಲ್ಲಿನ ಹರಾಜಿಗೂ ಹೋದಳು. ಈ ಸಲ ಗಾಡಿಯಲ್ಲಿ ಪಕ್ಕದಲ್ಲಿ ಎಲ್ಲಿಂಗನೂ ಕೂತಿದ್ದ, ಅಂಗಡಿಗೆ ಒಂದು ಜಾಗ ಬೇಕಾಗಿತ್ತು ಅವನಿಗೆ. ಸ್ಟೇಷನ್ ಎದುರಿನ ಮೂಲೆ ಬಂದಾಗ ಎಲ್ಲಿಂಗ್ ಕೈ ಎತ್ತಿ ಬೆಲೆ ಕೂಗಿದ. ಹಿಂದಿನಿಂದ ರಾಗ್ನಾ ಅದರ ಮೇಲೆ ಕೂಗಿದಳು. ಅವನು ಇನ್ನೂ ಏರಿಸಿ ಕೂಗಿ, ಕಣ್ಣು ಕೆಂಪು ಮಾಡಿಕೊಂಡು ತಿರುಗಿ ನೋಡಿದ.

"ನಾನು ನಿನ್ನ ಭಾವ ಕಣೇ," ಅಂದ.

"ಗೊತ್ತು," ಅಂದಳು ರಾಗ್ನಾ, ಮತ್ತು ಇನ್ನೊಂದು ಸಲ ಕೂಗಿದಳು.