ಅವ್ವ ಕಾಶಿಗೆ ಹಾರಿದ ದಿನದ ಊಟ

ನನಗೆ ಅಡುಗೆ ಬರುವುದಿಲ್ಲ ಎಂಬುದು ನಮ್ಮ ಬೀದಿಯಲ್ಲಿ ಗುಟ್ಟೇನಲ್ಲ. ಹುಣಸೂರಿನ ಹೈಸ್ಕೂಲೊಂದರಲ್ಲಿ ಮಕ್ಕಳಿಗೆ ಗಣಿತ ಕಲಿಸುತ್ತೇನೆ, ಬಿಳಿಕೆರೆಯಿಂದ ಒಳಗಿರುವ ನಮ್ಮೂರಿಗೆ ದಿನವೂ ಸ್ಕೂಟರ್ ಓಡಿಸುತ್ತೇನೆ, ಯಾರಾದರೂ ಕೆಣಕಿದರೆ ಜಗಳಕ್ಕೂ ನಿಲ್ಲುತ್ತೇನೆ. ಆದರೆ ನಾನು ತಿರುವಿದ ಮುದ್ದೆ ಗಂಟಾಗದ ದಿನವಿಲ್ಲ. ಹಾಗಾಗಿ ಹುಣಸೂರಿನ ಸಂಘದ ಹೆಂಗಸರ ಜೊತೆ ಕಾಶಿಗೆ ಹೊರಟ ಅವ್ವನಿಗೆ ಮೊದಲ ಸಲ ವಿಮಾನ ಹತ್ತುವ ಭಯಕ್ಕಿಂತ ನನ್ನ ಹೊಟ್ಟೆಯ ಚಿಂತೆಯೇ ದೊಡ್ಡದಾಗಿತ್ತು. "ಒಸಿ ನೋಡ್ಕಳ್ರವ್ವ, ಬರೀ ಟೀ ಕುಡ್ಕಂಡ್ ಬಿದ್ದಿರ್ತಾಳೆ" ಎಂದು ಶನಿವಾರ ರಾತ್ರಿ ವಿಮಾನ ನಿಲ್ದಾಣಕ್ಕೆ ಹೋಗುವ ವ್ಯಾನ್ ಹತ್ತುವಾಗ ಬೀದಿಗೆಲ್ಲ ಕೇಳುವಂತೆ ಹೇಳಿ ನನ್ನ ಮರ್ಯಾದೆ ತೆಗೆದೇ ಹೋದಳು.

ಆದ್ದರಿಂದ ಮರುದಿನ, ಭಾನುವಾರ ಮಧ್ಯಾಹ್ನ, ಪಕ್ಕದ ಮನೆಯ ಅತ್ತೆ ಸೆರಗಿನಲ್ಲಿ ಮುಚ್ಚಿಕೊಂಡು ಅನ್ನ, ತಿಳಿಸಾರು ತಂದಾಗ ನನಗೆ ವಿಶೇಷವೇನೂ ಅನ್ನಿಸಲಿಲ್ಲ. "ಒಲೆ ಅಚ್ಚಬ್ಯಾಡ ಮಗ" ಎಂದರು. ಹಚ್ಚುವ ಇರಾದೆ ನನಗೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಮೂಲೆಮನೆಯಿಂದ ಮುದ್ದೆ, ಉಪ್ಸಾರು ಬಂತು. ಆಮೇಲೆ ಅಂಗಡಿ ಮನೆಯಿಂದ ಇನ್ನೊಂದು ಪಾತ್ರೆ ಅನ್ನ. ಅವ್ವನ ಮಾತಿಗೆ ಬೀದಿಯಲ್ಲಿ ಎಷ್ಟು ಬೆಲೆ ಇದೆ ನೋಡು ಎಂದು ಒಳಗೊಳಗೇ ಹೆಮ್ಮೆಪಟ್ಟೆ. ಬಂದವರು ಯಾರೂ ಕೂರಲಿಲ್ಲ, ಹರಟಲಿಲ್ಲ, ನನ್ನ ಅಡುಗೆಯನ್ನು ಆಡಿಕೊಂಡು ನಗಲಿಲ್ಲ. ಅದೇನು ಎಂದು ನಾನು ಯೋಚಿಸಲೂ ಇಲ್ಲ.

ಕೊನೆಗೆ ಎದುರುಮನೆ ಚಿಕ್ಕಮ್ಮ ಬಂದರು. ಆಗ ಮೊದಲ ಬಾರಿಗೆ ನನಗೆ ಅನುಮಾನ ಬಂತು.

ನಮ್ಮ ಕೋಳಿ ಅವರ ಕೊತ್ತಂಬರಿ ಮಡಿ ಕೆದಕಿದಂದಿನಿಂದ ಅವ್ವನಿಗೂ ಅವರಿಗೂ ಮಾತಿಲ್ಲ. ಅವ್ವ ರಂಗೋಲಿ ಬಿಡಲು ಹೊರಬಂದರೆ ಅವರು ಬಾಗಿಲು ಹಾಕಿಕೊಳ್ಳುತ್ತಾರೆ. ಅವರು ಅಂಗಳಕ್ಕೆ ನೀರು ಹಾಕಲು ಬಂದರೆ ಅವ್ವ ಗಟ್ಟಿಯಾಗಿ ಕೋಳಿಯನ್ನು ಬೈಯುತ್ತಾಳೆ. ಆ ಬೈಗುಳ ತನಗಲ್ಲ ಎಂಬುದು ಕೋಳಿಗೂ ಗೊತ್ತು. ಅಂಥ ಚಿಕ್ಕಮ್ಮ ಒಂದು ಬೋಸಿಯ ತುಂಬ ಹಿದುಕಿದ ಬೇಳೆ ಸಾರು ತಂದು ಕೆಳಗಿಟ್ಟು, ನನ್ನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತುಬಿಟ್ಟರು. "ಅಸ್ಕಂಡಿರಬ್ಯಾಡ ಕಣ್ ಮಗ. ಓದೋರ್ ಜೊತೆ ನಾವೂ ಓಗಕ್ಕಾಯ್ತದಾ?"

ನಮ್ಮ ಕಡೆ ಒಲೆ ಹಚ್ಚದೆ ಇರುವುದು, ಅಕ್ಕಪಕ್ಕದವರು ಊಟ ತಂದುಕೊಡುವುದು ಯಾವ ಮನೆಗೆ ಎಂಬುದು ಆಗ ನೆನಪಾಯಿತು. ಸಾವಿನ ಮನೆಗೆ.

"ಏನಾಯ್ತು ಚಿಕ್ಕಮ್ಮ?" ಎಂದೆ. ಅವರು ಅಳು ನಿಲ್ಲಿಸಿ, ಬೆರಗಾಗಿ ನನ್ನ ಮುಖ ನೋಡಿದರು. "ಅಯ್ಯೋ, ನಿಂಗ್ ಗೊತ್ತಿಲ್ವಾ? ನಿಂಗ್ ಗೊತ್ತದೆ ಅನ್ಕಂಡೇ ಎಲ್ರೂ ಸುಮ್ಕಿದ್ದೀವಿ!" ಎಂದು ಸೊಂಟದಿಂದ ಫೋನ್ ತೆಗೆದು ಒಂದು ವಿಡಿಯೊ ಹಾಕಿ ಕೊಟ್ಟರು.

ಧಗಧಗ ಉರಿಯುವ ವಿಮಾನ. ಮೇಲೆ ಕೆಂಪು ಅಕ್ಷರ: 'ಕಾಶಿಗೆ ಹೊರಟಿದ್ದ ವಿಮಾನ ಪತನ! ಮೈಸೂರು ಭಾಗದ ಯಾತ್ರಿಕರ ಕೊನೆ ಕ್ಷಣ!' ಹಿಂದೆ ಶೋಕದ ಸಂಗೀತ, ಅದರ ಮೇಲೆ ಒಬ್ಬ ಗಂಡಸಿನ ಗದ್ಗದ ದನಿ. ಅವ್ವನಿಗೆ ಫೋನ್ ಮಾಡಿದೆ, ಸ್ವಿಚ್ ಆಫ್. ಮತ್ತೆ ಮಾಡಿದೆ. ಟೂರಿಗೆ ಕರೆದೊಯ್ದವನ ಫೋನ್ ಹೊಡೆದುಕೊಳ್ಳುತ್ತಿತ್ತು, ಎತ್ತುವವರಿಲ್ಲ. ಅಷ್ಟರಲ್ಲಿ ನನಗೆ ಏನೂ ಗೊತ್ತಿರಲಿಲ್ಲವೆಂದು ತಿಳಿದು ಊಟ ತಂದವರೆಲ್ಲ ಬಂದು ನಮ್ಮ ಜಗುಲಿಯಲ್ಲಿ ಸೇರಿದರು.

ನಾನು ಹೆದರಿದರೆ ನನಗೆ ಕೋಪ ಬರುತ್ತದೆ. ಅದು ಒಳ್ಳೆಯದೇ ಆಯಿತು. ಟಿವಿ ಹಾಕಿದೆ. ಒಂದು ಕಡೆ ರಾಶಿಫಲ, ಇನ್ನೊಂದು ಕಡೆ ಸೀರೆ ರಿಯಾಯಿತಿ. ತೆಂಗಿನಕಾಯಿ ಬಿದ್ದರೂ ಅರ್ಧ ದಿನ ಕಿರುಚುವ ಜನ, ವಿಮಾನ ಬಿದ್ದರೆ ಸೀರೆ ಮಾರುತ್ತಾರೆಯೇ? ಅವ್ವನ ಟಿಕೆಟಿನ ಫೋಟೊ ನನ್ನ ಬಳಿ ಇತ್ತು. ಅದರಲ್ಲಿದ್ದ ವಿಮಾನದ ನಂಬರನ್ನು ನನ್ನ ಫೋನಿನಲ್ಲಿ ಹಾಕಿ ನೋಡಿದರೆ, ವಿಮಾನ ಬೆಳಿಗ್ಗೆಯೇ ಇಳಿದಿದೆ ಎಂದು ತೋರಿಸಿತು. ಕುಣಿದಾಡುವಷ್ಟು ಸಂತೋಷವಾಗಿ ಎಲ್ಲರಿಗೂ ತೋರಿಸಿದೆ.

ಅತ್ತೆ ಕನ್ನಡಕ ಸರಿಮಾಡಿಕೊಂಡು ನೋಡಿದರು. "ಬಿತ್ತು ಅಂದಿದ್ದೂ ಫೋನೇ, ಇಳೀತು ಅನ್ನದೂ ಫೋನೇ. ಯಾವ್ದ ನಂಬದು ಮಗ?"

ವಿಡಿಯೊವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಉರಿಯುವ ವಿಮಾನದ ಸುತ್ತ ನೆಲವೆಲ್ಲ ಬೆಳ್ಳಗಿತ್ತು. "ನೋಡಿ ಅತ್ತೆ, ಹಿಮ! ಕಾಶೀಲಿ ಹಿಮ ಬೀಳ್ತದಾ?" ಎಂದೆ. "ಅಲ್ಲೇ ಮೇಲ್ಗಡೆ ಹಿಮಾಲಯ ಐತಲ್ಲವ್ವ" ಎಂದರು ಮೂಲೆಮನೆಯವರು. ಹಲ್ಲು ಕಚ್ಚಿಕೊಂಡು ಅದರಿಂದ ಒಂದು ಚಿತ್ರ ತೆಗೆದು ಇಂಟರ್ನೆಟ್ಟಿನಲ್ಲಿ ಹುಡುಕಲು ಹಾಕಿದೆ. ಅದೇ ಬೆಂಕಿ, ಅದೇ ವಿಮಾನ, ಬೇರೆ ಬೇರೆ ವರ್ಷಗಳಲ್ಲಿ ಬೇರೆ ಬೇರೆ ದೇಶಗಳಲ್ಲಿ ಬಿದ್ದಿತ್ತು. ಕೊನೆಗೆ ಮೂಲವೂ ಸಿಕ್ಕಿತು. ಎಲ್ಲೋ ದೂರದ ಚಳಿ ದೇಶದಲ್ಲಿ ಬೆಂಕಿ ಆರಿಸುವವರು ಅಭ್ಯಾಸಕ್ಕೆಂದು ಒಂದು ಹಳೆಯ ವಿಮಾನಕ್ಕೆ ತಾವೇ ಬೆಂಕಿಯಿಟ್ಟಿದ್ದರು. ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಆ ಗದ್ಗದ ದನಿಯವನು ಎದುರಿಗೆ ಸಿಕ್ಕಿದ್ದರೆ ಒನಕೆ ತೆಗೆದುಕೊಂಡೇ ಮಾತಾಡುತ್ತಿದ್ದೆ.

ಇಷ್ಟಾದರೂ ಯಾರೂ ಎದ್ದು ಹೋಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಅವರು ಹೋಗುವುದು ಬೇಕಿರಲಿಲ್ಲ. ಬುದ್ಧಿಗೆ ಎಲ್ಲ ತಿಳಿದಿತ್ತು, ಆದರೆ ಅವ್ವನ ದನಿ ಕೇಳುವ ತನಕ ಪೂರ್ತಿ ನಂಬಿಕೆ ಬರುವಂತಿರಲಿಲ್ಲ.

"ಊಟ ವಾಪಸ್ ತಗಂಡೋಗಿ, ಆರೋಗ್ತಾ ಐತೆ" ಎಂದೆ. ಅತ್ತೆ ಗಾಬರಿಯಾದರು. "ಸಾವಿನ್ ಮನೆಗೆ ಅಂತ ತಂದ್ ಅನ್ನವ ವಾಪಸ್ ನಮ್ಮನೆ ಒಳಿಕ್ಕೆ ತಗಂಡೋಗಕ್ಕಾಯ್ತದಾ? ಸಾವೇ ಆಗಿಲ್ಲ ಅಂದ್ಮೇಲೆ ಇಲ್ಲೇ ಕುಂತ್ ಉಂಡ್ಬುಡಾನ." ಎಲ್ಲರಿಗೂ ಅದು ಸರಿ ಎನಿಸಿತು. ನಡುಮನೆಯಲ್ಲಿ ಚಾಪೆ ಹಾಸಿ ಸಾಲಾಗಿ ಕೂತೆವು. ಚಿಕ್ಕಮ್ಮನ ಹಿದುಕಿದ ಬೇಳೆ ಸಾರಿನ ಸೊಗಡಿಗೆ ಮನೆಯೇ ಘಮಘಮ ಎಂದಿತು. ಅಳುತ್ತಿದ್ದ ಬಾಯಿಗಳೆಲ್ಲ ಸೊರ್ ಸೊರ್ ಎಂದು ಸಾರು ಹೀರತೊಡಗಿದವು.

ಆಗ ಟೂರಿನವನ ನಂಬರಿನಿಂದ ವಿಡಿಯೊ ಕರೆ ಬಂತು. ಪರದೆಯ ತುಂಬ ಅವ್ವನ ಮೂಗು. ಸ್ನಾನ ಮಾಡಿದ ಒದ್ದೆ ತಲೆ, ಹಿಂದೆ ಗಂಗೆ. "ಯಾಕವ್ವ ಫೋನ್ ಆಫ್ ಮಾಡಿದ್ದೀಯ?" ಎಂದು ಕಿರುಚಿದೆ, ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ಆ ಇಮಾನದ್ ಉಡುಗಿ ಆಫ್ ಮಾಡು ಅಂದ್ಲು, ಮಾಡ್ದೆ. ಆಮೇಲೆ ಆನ್ ಮಾಡು ಅಂತ ಯಾರೂ ಯೋಳ್ನಿಲ್ವಲ್ಲ" ಎಂದಳು. ಆಮೇಲೆ ನನ್ನ ಬೆನ್ನ ಹಿಂದಿನದು ಕಂಡಿರಬೇಕು. ಭಾನುವಾರ ಮಧ್ಯಾಹ್ನ, ತನ್ನ ನಡುಮನೆಯಲ್ಲಿ ಬೀದಿಯ ಹೆಂಗಸರು, ನಾಲ್ಕು ಮನೆಯ ಪಾತ್ರೆಗಳು. ಅವ್ವನ ಮುಖ ಬಿಳಿಚಿಕೊಂಡಿತು.

"ಯಾರವ್ವ ಓದೋರು?"

ಚಿಕ್ಕಮ್ಮ ಎಂಜಲು ಕೈ ಹಿಂದಿಟ್ಟುಕೊಂಡು, ಎಡಗೈಯಲ್ಲಿ ನನ್ನ ಫೋನ್ ಕಿತ್ತುಕೊಂಡರು. "ನೀನೇ ಕಣಕ್ಕ. ನೀನೇ ಓಗ್ಬುಟ್ಟೆ ಅಂತ ತಂದಿದ್ವಿ."

ಅವ್ವ ಒದ್ದೆ ಕೂದಲು ಹಿಂದಕ್ಕೆ ತಳ್ಳಿ ಪರದೆಗೆ ಇನ್ನಷ್ಟು ಹತ್ತಿರ ಬಂದಳು. ಗಂಗೆಯ ದಡದ ಗಂಟೆ, ಗಲಾಟೆ ಎಲ್ಲ ಇಲ್ಲಿಗೆ ಕೇಳುತ್ತಿತ್ತು.

"ಏನ್ ಸಾರ್ ಮಾಡಿದ್ದೆ?" ಎಂದು ಕೇಳಿದಳು.

"ಇದುಕುದ್ ಬ್ಯಾಳೆ."

"ನಂಗೂ ಒಸಿ ಮಡಗಿರು. ಬುಧ್ವಾರ ಬತ್ತೀನಿ."

"ಮಡಗಿರ್ತೀನಿ, ಬಾರಕ್ಕ" ಎಂದರು ಚಿಕ್ಕಮ್ಮ. ಬೋಸಿ ಆಗಲೇ ಖಾಲಿಯಾಗಿತ್ತು.